ಹಳೆಯ ಹಾಡೆಂಬ ಒರೆಗಲ್ಲು

ಹೊಸ ಕಾವಲಿ ಮನೆಗೆ ಬಂದರೆ ಅಮ್ಮ ಅದಕ್ಕೆ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸಿ, ಮೊದಲ ದಿನ ಹುಯ್ಯುತ್ತಿದ್ದುದು ದಿನಾ ಹುಯ್ಯುವ ಅದೇ ದೋಸೆಯನ್ನು. ಹೊಸ ಪಾತ್ರೆಯಲ್ಲಿ ಹೊಸ ಅಡುಗೆ ಮಾಡಬಾರದು, ಕೆಟ್ಟರೆ ಅದು ಕೈಯ ತಪ್ಪೋ ಪಾತ್ರೆಯ ತಪ್ಪೋ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಸ್ಪೀಕರು, ಆಂಪ್ಲಿಫೈಯರುಗಳ ವಿಷಯದಲ್ಲಿ ನಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದಿರುವುದೂ ಅಮ್ಮನ ಈ ಕಾವಲಿ ಶಾಸ್ತ್ರವನ್ನೇ. ಹೊಸ ಸ್ಪೀಕರಿನ ಮುಂದೆ ಕೂತಾಗ ನಾನು ಹಾಕುವುದು ಕೇಳಿ ಕೇಳಿ ನನ್ನೊಳಗೆ ಇಳಿದುಹೋದ ಹಾಡುಗಳನ್ನು ಮಾತ್ರ.

ಹೋದ ಶ್ರಾವಣದಲ್ಲಿ ಒಂದು ಹೊಸ ಜೋಡಿ ಮನೆಗೆ ಬಂತು. ಹತ್ತು ದಿನ ಇಟ್ಟುಕೊಂಡು ಕೇಳಿ, ಒಗ್ಗದಿದ್ದರೆ ವಾಪಸು ಕೊಡಿ ಎಂದಿದ್ದರು ಅಂಗಡಿಯವರು. ಅದಕ್ಕಾಗಿ ರಟ್ಟಿನ ಪೆಟ್ಟಿಗೆಗಳನ್ನು ಹರಿಯದೆ, ನಡುಮನೆಯ ಗೋಡೆಗೆ ಒರಗಿಸಿ ಇಟ್ಟೆ. ಆ ಹತ್ತು ದಿನ ನನಗೆ ಹಬ್ಬ.

ಅಂಗಡಿಯಲ್ಲಿ ಕೇಳಿಸಿದ್ದು ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’. 1994ರ ‘ಹೆಲ್ ಫ್ರೀಜಸ್ ಓವರ್’ ಆಲ್ಬಮ್ಮಿನಲ್ಲಿರುವ, ಸಭಿಕರ ಮುಂದೆ ನುಡಿಸಿದ ಆವೃತ್ತಿ. ಗಿಟಾರುಗಳ ನಡುವೆ ಡ್ರಮ್ಮಿನ ಒಂದೊಂದೇ ಪೆಟ್ಟು ಎದೆಗೆ ಬಂದು ತಾಕುತ್ತದೆ. ಜಗತ್ತಿನ ಎಷ್ಟೋ ಅಂಗಡಿಗಳಲ್ಲಿ ಸ್ಪೀಕರು ತೋರಿಸಲು ಹಾಕುವುದು ಇದನ್ನೇ. ಅದು ಸೊಗಸಾದ ಧ್ವನಿಮುದ್ರಣ, ನನಗೂ ಇಷ್ಟ. ಆದರೆ ಅದರೊಂದಿಗೆ ನಾನು ಬಾಳಿಲ್ಲ. ಆ ಡ್ರಮ್ಮು ಎಷ್ಟು ಆಳವಾಗಿ ಕೇಳಿಸಬೇಕು, ಆ ಗಾಯಕನ ಗಂಟಲು ಎಷ್ಟು ಒರಟು ಎಂಬುದಕ್ಕೆ ನನ್ನಲ್ಲಿ ಅಳತೆಯಿಲ್ಲ. ಚೆನ್ನಾಗಿ ಕೇಳಿಸುತ್ತದೆ ಎನ್ನಬಲ್ಲೆ, ಸರಿಯಾಗಿ ಕೇಳಿಸುತ್ತದೆ ಎನ್ನಲಾರೆ. ಈ ಎರಡು ಮಾತಿನ ನಡುವಿನ ಅಂತರದಲ್ಲೇ ನನ್ನ ಹವ್ಯಾಸವೆಲ್ಲ ಇದೆ.

ಬಲ್ಲವರು ಮಾಡಿದ್ದೂ ಇದನ್ನೇ. ಇಂದು ಪ್ರತಿ ಫೋನಿನಲ್ಲೂ ಇರುವ ಎಂಪಿ3 ಯನ್ನು ಜರ್ಮನಿಯ ಎರ್ಲಾಂಗನ್‌ನಲ್ಲಿ ರೂಪಿಸುತ್ತಿದ್ದ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್, ತಮ್ಮ ಕೆಲಸವನ್ನು ಒರೆಗೆ ಹಚ್ಚಲು ಆರಿಸಿಕೊಂಡದ್ದು ಸುಝಾನ್ ವೇಗಾ ಅವರ ‘ಟಾಮ್ಸ್ ಡೈನರ್’ ಹಾಡನ್ನು. ವಾದ್ಯವೇ ಇಲ್ಲದ ಒಂಟಿ ಹೆಣ್ಣುದನಿ. ಬೇರೆ ಸಂಗೀತವನ್ನೆಲ್ಲ ಚೆನ್ನಾಗಿ ಕುಗ್ಗಿಸಿ ಕೊಡುತ್ತಿದ್ದ ಸೂತ್ರ ಆ ದನಿಯ ಮುಂದೆ ಸೋತಿತು. ಅದು ಸರಿಹೋಗುವವರೆಗೆ ಅವರು ಅದೇ ಹಾಡನ್ನು ಮತ್ತೆ ಮತ್ತೆ ಕೇಳಿ ತಿದ್ದುತ್ತ ಹೋದರು. ಮನುಷ್ಯರ ದನಿಯಲ್ಲಿ ಆಗುವ ಕೂದಲೆಳೆಯಷ್ಟು ವ್ಯತ್ಯಾಸವೂ ನಮ್ಮ ಕಿವಿಗೆ ಸಿಕ್ಕಿಬೀಳುತ್ತದೆ. ಹುಟ್ಟಿದಾಗಿನಿಂದ ನಾವು ಅತಿ ಹೆಚ್ಚು ಕೇಳಿರುವುದು ಅದನ್ನೇ ತಾನೆ.

ನಾನು ಬೆಳೆದದ್ದು ಮೈಸೂರಿನ ಚಾಮುಂಡಿಪುರಂನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು, ಅದು ‘ಆಕಾಶವಾಣಿ’ ಎಂಬ ಹೆಸರು ಪಡೆದ ಊರು. ನಮ್ಮ ಮನೆಯ ವಾಲ್ವ್ ರೇಡಿಯೊ ಬಿಸಿಯಾಗಿ ಮಾತಾಡಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತು ಅಪ್ಪ ಅದರ ಮುಂದೆ ಕೈಕಟ್ಟಿ ನಿಂತಿರುತ್ತಿದ್ದರು. ಕೇಳುವುದೂ ಒಂದು ಕೆಲಸ, ಅದಕ್ಕೂ ಸಿದ್ಧರಾಗಬೇಕು ಎಂದು ಬಾಯಿಬಿಟ್ಟು ಅವರು ಹೇಳಿದ್ದಿಲ್ಲ. ನಿಂತು ತೋರಿಸಿದರು.

ನನ್ನ ಪರೀಕ್ಷೆ ಶುರುವಾಗುವುದು ಬರೀ ತಂಬೂರಿಯಿಂದ. ಹಾಡಿಲ್ಲ, ತಾಳವಿಲ್ಲ, ಐದು ನಿಮಿಷ ಶ್ರುತಿ ಮಾತ್ರ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದೆಳೆ ದಾರ ಸೇರಿಸಿ, ಅದನ್ನು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗಕ್ಕೆ ಕೂರಿಸಿದಾಗ ತಂತಿ ಝೇಂಕರಿಸುತ್ತದೆ. ಆ ದಾರಕ್ಕೆ ನಮ್ಮವರು ಇಟ್ಟ ಹೆಸರು ಜೀವಾಳ. ಸರ್ ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಅಗಲ ಕುದುರೆಯ ಮೇಲೆಯೇ ಪ್ರಬಂಧ ಬರೆದಿದ್ದಾರೆ. ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ, ಅದರೊಳಗೆ 200, 300, 400, 500ರ ಕಂಪನಗಳೂ ಕೂಡಿ ಏಳುತ್ತವೆ. ಆ 500ರದ್ದೇ ಗಾಂಧಾರ. ಯಾರೂ ಮೀಟದ, ಯಾವ ತಂತಿಗೂ ಕಟ್ಟದ ಸ್ವರ ಅದು, ತಾನಾಗಿ ಹುಟ್ಟುತ್ತದೆ. ಕಣ್ಣು ಮುಚ್ಚಿ ಕಾಯುತ್ತೇನೆ. ಒಳ್ಳೆಯ ಸ್ಪೀಕರಿನಲ್ಲಿ ನಾಲ್ಕನೆಯ ತಂತಿ ಮೀಟಿದ ಮೇಲೆ ಆ ಗಾಂಧಾರ ನೀರಿನ ತಳದಿಂದ ಗುಳ್ಳೆ ಎದ್ದ ಹಾಗೆ ಮೇಲೆ ಬರುತ್ತದೆ. ಮಂಕು ಸ್ಪೀಕರಿನಲ್ಲಿ ಬರುವುದು ಬರೀ ಗುಂಯ್‌ಗುಡುವಿಕೆ.

ಎರಡನೆಯದು ವಿ. ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೇಣದಲ್ಲಿ ಕೂರಿಸಿದ ಇಪ್ಪತ್ನಾಲ್ಕು ಮೆಟ್ಟಿಲುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವಾಗ, ಮೀಟು ಒಂದೇ, ಸ್ವರಗಳು ಹಲವು. ಮೀಟಿದ ಸದ್ದು ಆರುತ್ತ ಹೋದಂತೆ ಬೆರಳು ಅದರಲ್ಲಿ ಉಳಿದ ಕೊನೆಯ ಹನಿಯನ್ನೂ ಹಿಂಡುತ್ತದೆ. ಸ್ಪೀಕರಿನ ಗುಣ ತಿಳಿಯುವುದು ಆ ಆರುವ ತುದಿಯಲ್ಲೇ. ಮೇಲಿನ ಸ್ತರವನ್ನು ಅತಿಯಾಗಿ ಎತ್ತಿ ಹಿಡಿಯುವ ಸ್ಪೀಕರಿನಲ್ಲಿ ಉಗುರಿನ ಮೀಟು ಕಿವಿಗೆ ಕುಟುಕುತ್ತದೆ, ಬಾಲ ಸಿಗುವುದಿಲ್ಲ. ವೀಣೆ ಮ್ಯಾಂಡೊಲಿನ್ ಆಗಿಬಿಡುತ್ತದೆ. ಮರದ ಕೊಡ ಗಾಳಿಯನ್ನು ತುಂಬಿಕೊಂಡು ಉಸಿರಾಡುವುದು ಕೇಳಿಸಿದರೆ ಮಾತ್ರ ಮುಂದಿನ ಹೆಜ್ಜೆ.

ಮೂರನೆಯದು ಗಂಗೂಬಾಯಿ ಹಾನಗಲ್. 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ, ಗಾಂಧಾರಿ ಎಂಬ ಹೆಸರಿನಲ್ಲಿ ಅವರು ಹಾಡಿದ್ದು ತೆಳುವಾದ ಎತ್ತರದ ದನಿಯಲ್ಲಿ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಕೆಳಗಿಳಿದು ಗಂಭೀರವಾಯಿತು. ನಾನು ಹಾಕುವುದು ಆ ನಂತರದ ದನಿಯನ್ನು. ಅದು ಗಂಡುದನಿಯಂತಿದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದರ ಅಂಚಿನಲ್ಲಿ ಹೆಣ್ಣಿನ ಕಂಠದ ಒಂದು ಬಿಗಿ ಉಳಿದುಕೊಂಡಿದೆ. ಕೆಳದನಿಯನ್ನು ಉಬ್ಬಿಸುವ ಪೆಟ್ಟಿಗೆಗಳಲ್ಲಿ ಆ ಅಂಚು ಮುಳುಗಿ, ಯಾರೋ ಗಂಡಸು ಹಾಡಿದಂತಾಗುತ್ತದೆ. ನೇರವಾದ ಸ್ಪೀಕರಿನಲ್ಲಿ ಗಂಗೂಬಾಯಿಯವರು ಗಂಗೂಬಾಯಿಯವರಾಗಿಯೇ ಎದುರು ಕೂರುತ್ತಾರೆ.

ನಾಲ್ಕನೆಯದು ಕನ್ನಡದ್ದೇ ಪರೀಕ್ಷೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಹಾಡಿದ ಮೇಲೆ, ತಮ್ಮ ಚಿತ್ರಗಳಿಗೆ ತಾವೇ ಹಾಡುವುದನ್ನು ರೂಢಿ ಮಾಡಿಕೊಂಡ ರಾಜಕುಮಾರ್ ಅವರ ಯಾವುದಾದರೊಂದು ಹಾಡು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ನಾಲಗೆ ಅದು. ಅಲ್ಲಿ ‘ಲ’ ಬೇರೆ, ‘ಳ’ ಬೇರೆ, ‘ನ’ ಮತ್ತು ‘ಣ’ ಎಂದೂ ಒಂದಾಗುವುದಿಲ್ಲ. ನಾನು ಕಾದು ಕೇಳುವುದು ‘ಸ’, ‘ಶ’, ‘ಷ’ಗಳನ್ನು. ‘ಸ’ಕಾರದ ಉಸಿರು ಅತಿ ಎತ್ತರದ ಕಂಪನಗಳಲ್ಲಿ ಇರುತ್ತದೆ, ‘ಷ’ಕಾರದ್ದು ಅದಕ್ಕಿಂತ ಕೆಳಗೆ. ಆ ಜಾಗದಲ್ಲಿ ಸ್ಪೀಕರು ಕೊಂಚ ಎಡವಿದರೂ ‘ಸ’ ಸೀಳುತ್ತದೆ, ಇಲ್ಲವೇ ಮೂರೂ ಒಂದೇ ಆಗುತ್ತವೆ. ಅಳೆಯುವ ಯಂತ್ರ ಗೀಚಿ ತೋರಿಸುವ ಗೆರೆಯನ್ನು ನನ್ನ ಕಿವಿ ಅಕ್ಷರಮಾಲೆಯಲ್ಲಿ ಓದಿಕೊಳ್ಳುತ್ತದೆ. ತಾಯ್ನುಡಿಯ ಹಾಡಿಗೆ ಇರುವ ಹೆಚ್ಚುಗಾರಿಕೆ ಇದು.

ಐದನೆಯದು ಮೃದಂಗದ ತನಿ. ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತಿ ಭಾರ ಮಾಡುತ್ತಾರೆ, ಬಲಮುಖದ ನಡುವೆ ಕಾಯಂ ಕರಿ ಇರುತ್ತದೆ. ಬೇರೆ ದೇಶಗಳ ಹೆಚ್ಚಿನ ಚರ್ಮವಾದ್ಯಗಳಿಗೆ ಇಲ್ಲದ ಸ್ವರಬದ್ಧತೆ ನಮ್ಮ ಮೃದಂಗ, ತಬಲಾಗಳಿಗೆ ಹೇಗೆ ಬಂತೆಂದು ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಈ ಕರಿಯ ಮಹಿಮೆಯನ್ನೇ. ಎಡಗೈ ಒತ್ತಿ ಜಾರಿಸುವ ಗುಮ್ಕಿಯಲ್ಲಿ ನಾನು ಹುಡುಕುವುದು, ಸದ್ದು ಯಾವಾಗ ನಿಲ್ಲುತ್ತದೆ ಎಂಬುದನ್ನು. ಕೈ ನಿಂತ ಮೇಲೂ ಗುಂಗು ಉಳಿದರೆ ತಪ್ಪು ಹೆಚ್ಚಾಗಿ ಕೋಣೆಯದು. 50 ಹರ್ಟ್ಜ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ನಮ್ಮ ಇಡೀ ಹಾಲಿಗಿಂತ ದೊಡ್ಡದು, ಗೋಡೆಯಿಂದ ಗೋಡೆಗೆ ಬಡಿದುಕೊಂಡು ಮೂಲೆಗಳಲ್ಲಿ ಗುಡ್ಡೆ ಬೀಳುತ್ತದೆ. 10,000 ಹರ್ಟ್ಜ್‌ನ ಅಲೆಯೋ ಎರಡು ಬೆರಳಗಲ, ಒಂದು ದಪ್ಪ ಪರದೆ ಸಾಕು ಅದನ್ನು ನುಂಗಲು. ಸ್ಪೀಕರನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದೆ, ಗುಂಗು ಅರ್ಧ ಇಳಿಯಿತು. ಇನ್ನೊಂದು ಗೇಣು ತಂದೆ, ಗುಮ್ಕಿ ಬೆರಳಿಗೆ ಅಂಟಿಕೊಂಡಿತು.

“ಅಮ್ಮಾ, ಅದೇ ಎರಡು ನಿಮಿಷಾನ ಎಷ್ಟು ಸಲ ಕೇಳ್ತೀಯಾ?” ಎಂದಳು ಮಗಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಹಳೆಯ ಜೋಡಿಯನ್ನೂ ಹೊಸ ಜೋಡಿಯನ್ನೂ ಒಂದಾದ ಮೇಲೊಂದು ಹಾಕಿದೆ. “ಇದು ಚೆನ್ನಾಗಿದೆ” ಎಂದು ಅವಳು ಹೇಳಿದ್ದು ಹಳೆಯದಕ್ಕೆ. ನೋಡಿದರೆ ಹಳೆಯದು ಒಂದಿಷ್ಟು ಜೋರಾಗಿತ್ತು. ಎರಡರ ಸದ್ದನ್ನೂ ಸಮ ಮಾಡಿದ ಮೇಲೆ ಅವಳ ಬೆರಳು ಹೊಸದರ ಕಡೆ ತಿರುಗಿತು. ತುಸು ಜೋರಾದದ್ದೇ ಕಿವಿಗೆ ಹಿತವೆನಿಸುತ್ತದೆ. ಸದ್ದು ಇಳಿಸಿದಂತೆ ನಮ್ಮ ಕಿವಿಗೆ ಎಲ್ಲಕ್ಕಿಂತ ಮೊದಲು ಕಡಿಮೆಯಾಗುವುದು ಕೆಳದನಿಗಳು ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಕಣ್ಣು ಮುಚ್ಚಿಸಿದ್ದಕ್ಕೂ ಕಾರಣವಿದೆ. ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಒಂದೇ ಸ್ಪೀಕರುಗಳನ್ನು ಅದೇ ಜನರಿಗೆ ಒಮ್ಮೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ಕೊಟ್ಟ ಅಂಕವೇ ಬೇರೆ, ಕಾಣದಾಗ ಕೊಟ್ಟ ಅಂಕವೇ ಬೇರೆ. ಗಾತ್ರ, ಬೆಲೆ, ಹೆಸರು ಇವೆಲ್ಲ ಕಣ್ಣಿನ ದಾರಿಯಲ್ಲಿ ಬಂದು ಕಿವಿಯೊಳಗೆ ಕೂರುತ್ತವೆ.

ಹೊಸ ಸ್ಪೀಕರು ತಂದವರು ಸಂಭ್ರಮದಿಂದ ಹೇಳುವ ಮಾತೊಂದಿದೆ: ಇಷ್ಟು ವರ್ಷ ಕೇಳದಿದ್ದುದೆಲ್ಲ ಈಗ ಕೇಳಿಸುತ್ತಿದೆ ಎಂದು. ಆ ಸಂಭ್ರಮ ನನಗೆ ಗೊತ್ತು. ಆದರೂ ಹಾಗೆ ಕೇಳಿಸಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಗಾಯಕನ ಉಸಿರು ಹಾಡಿಗಿಂತ ಮುಂದೆ ಬಂದು ನಿಂತರೆ ಅದು ಸ್ಪೀಕರಿನ ಅತಿ ಉತ್ಸಾಹವಿರಬಹುದು. ನನಗೆ ಬೇಕಾದದ್ದು ಗೊತ್ತಿರುವುದೆಲ್ಲ ಅದರದರ ಜಾಗದಲ್ಲಿ, ಅದರದರ ತೂಕದಲ್ಲಿ ಇರುವುದು. ಅದಕ್ಕೇ ನನ್ನ ಕೊನೆಯ ಪರೀಕ್ಷೆಗೆ ನಾನು ಇಟ್ಟುಕೊಂಡಿರುವುದು ಎಲ್ಲಕ್ಕಿಂತ ಕೆಟ್ಟ ಧ್ವನಿಮುದ್ರಣವನ್ನು.

1983ರಲ್ಲಿ ಅಪ್ಪ ಟೂ ಇನ್ ಒನ್ ಕೊಂಡ ದಿನ, ಅದು ರೆಕಾರ್ಡ್ ಮಾಡುತ್ತದೋ ಇಲ್ಲವೋ ನೋಡಲು ಅಮ್ಮನನ್ನು ಚಾಪೆಯ ಮೇಲೆ ಕೂರಿಸಿ ಒಂದು ದೇವರನಾಮ ಹಾಡಿಸಿದರು. ಆ ಕ್ಯಾಸೆಟ್ಟನ್ನು ನಾನು ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಂಡೆ, ಅದರ ಸುಯ್ಯೆನ್ನುವ ಟೇಪಿನ ಸದ್ದನ್ನೂ ತೆಗೆಸಲಿಲ್ಲ. ಅಮ್ಮ ತೊಡೆಯ ಮೇಲೆ ತಾಳ ಹಾಕುತ್ತಾಳೆ, ಕೈಬಳೆಗಳು ಕೂಡಿ ಸದ್ದು ಮಾಡುತ್ತವೆ. ಎರಡನೆಯ ಚರಣದ ಹೊತ್ತಿಗೆ ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾಳೆ. ಈ ಕೂಗು ಕಿಟಕಿಯ ಹೊರಗೇ ಇರಬೇಕು, ಹಾಲಿನೊಳಗೆ ಬರಬಾರದು. ಬಳೆ ಗಾಜಾಗಿರಬೇಕು. ಕಳಪೆ ಸ್ಪೀಕರಿನಲ್ಲಿ ಅದು ಚಿಲ್ಲರೆ ಕಾಸು ಕುಲುಕಿದಂತಾಗುತ್ತದೆ. ತಾಳದ ಪ್ರತಿ ಸುತ್ತಿನಲ್ಲೂ ಬಳೆಗಳ ಕಿಣಿಯ ಜೊತೆ ‘ಟಕ್’ ಎಂಬ ಒಣ ಸದ್ದೊಂದು ಬರುತ್ತದೆ. ಟೇಪಿನದೋ ಮೈಕಿನದೋ ದೋಷವೆಂದುಕೊಂಡೇ ಅದನ್ನು ನಾನು ನಲವತ್ತು ವರ್ಷ ಕೇಳಿದ್ದೆ. ಎಲ್ಲಿ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಬಾಯಿಪಾಠ.

ಒಂಬತ್ತನೆಯ ದಿನ ಮಧ್ಯಾಹ್ನ ಅದನ್ನು ಹಾಕಿದೆ. ಊಟ ಮುಗಿಸಿ ಅಮ್ಮನೂ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಅವಳಿಗೀಗ ಎಂಬತ್ತನಾಲ್ಕು. ಸೊಪ್ಪಿನವಳು ಕಿಟಕಿಯ ಹೊರಗೇ ಕೂಗಿ ಹೋದಳು. ಬಳೆಗಳು ಗಾಜಾದವು. ಆ ‘ಟಕ್’ ಬಂದಾಗ ಅಮ್ಮ ತನ್ನ ಬಲ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಳು.

“ಒಂದು ಬಿರುಕು ಬಿಟ್ಟಿತ್ತು ಕಣೇ,” ಎಂದಳು. “ನಂಜನಗೂಡು ಜಾತ್ರೇಲಿ ತೊಟ್ಟಿದ್ದ ಹಸಿರು ಬಳೆ. ಆ ಸಾಯಂಕಾಲಾನೇ ನಿಮ್ಮಜ್ಜಿ ತೆಗೆಸಿಬಿಟ್ರು.”

ಹಾಡನ್ನು ಮತ್ತೆ ಮೊದಲಿನಿಂದ ಹಾಕಿದೆ. ಆ ಸದ್ದು ಇದ್ದ ಜಾಗದಲ್ಲೇ ಇತ್ತು, ಇದ್ದಷ್ಟೇ ಇತ್ತು. ಈಗ ಅದು ಒಡಕು ಗಾಜು ಎಂಬುದರಲ್ಲಿ ಅನುಮಾನವೇ ಉಳಿದಿರಲಿಲ್ಲ. ಹತ್ತನೆಯ ದಿನಕ್ಕೆ ಕಾಯದೆ, ಗೋಡೆಗೆ ಒರಗಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಆ ಸಂಜೆಯೇ ಮಡಚಿ ಅಟ್ಟಕ್ಕೆ ಹಾಕಿದೆ.