ಎರಡು ಸಾಕ್ಷಿಗಳು

ಒಂದು ಕಾಲದಲ್ಲಿ ಆಕ್ಸಿಲರೇಟರ್ ಪೆಡಲಿಗೂ ಇಂಜಿನ್ನಿಗೂ ನಡುವೆ ಇದ್ದುದು ಒಂದು ಉಕ್ಕಿನ ಕೇಬಲು ಮಾತ್ರ. ಅದು ತುಂಡಾದರೆ ಕಣ್ಣಿಗೆ ಕಾಣುತ್ತಿತ್ತು. ಬದಲಿಸಿದರೆ ವಾಹನ ಓಡುತ್ತಿತ್ತು. ಇಂದಿನ ವಾಹನಗಳಲ್ಲಿ ಪೆಡಲಿನ ಬುಡದ ಸೆನ್ಸರು ಪಾದದ ಇಂಗಿತವನ್ನು ವಿದ್ಯುತ್ ಸಂಕೇತವಾಗಿಸಿ ಇಂಜಿನ್ನಿನ ನಿಯಂತ್ರಣ ಘಟಕಕ್ಕೆ ತಿಳಿಸುತ್ತದೆ. ೨೦೨೦ರ ಏಪ್ರಿಲ್ ೧ರಂದು ಬಿಎಸ್-೬ ನಿಯಮ ಜಾರಿಗೆ ಬಂದಮೇಲೆ ಸಣ್ಣ ಸರಕುಗಾಡಿಗಳಲ್ಲಿಯೂ ಇಂಥ ವ್ಯವಸ್ಥೆ ಸಾಮಾನ್ಯವಾಗಿದೆ. ಈಗ ದೋಷವು ಕಣ್ಣಿಗೆ ಕಾಣುವುದಿಲ್ಲ; ವಿಚಾರಿಸಿ ತಿಳಿಯಬೇಕಾಗುತ್ತದೆ.

ಹುಣಸೆಯ ಸುಗ್ಗಿಯ ದಿನಗಳು. ಪುರವರದ ರಸ್ತೆಬದಿಯ ಒಂದು ಚಿಕ್ಕ ಗ್ಯಾರೇಜಿಗೆ ಮೂಟೆ ಹೇರಿದ ಸರಕುಗಾಡಿಯೊಂದು ತೆವಳುತ್ತ ಬಂದು ನಿಂತಿತು. ಪೆಡಲನ್ನು ಎಷ್ಟು ತುಳಿದರೂ ಇಂಜಿನ್ನಿಗೆ ಶಕ್ತಿಯಿಲ್ಲ. ಪಟ್ಟಣದ ಕಾರ್ಯಾಗಾರವೊಂದರಲ್ಲಿ ಪರೀಕ್ಷಾಯಂತ್ರವು ‘ಪಿ೨೧೩೮’ ಎಂಬ ದೋಷಸಂಖ್ಯೆಯನ್ನು ತೋರಿಸಿತ್ತು. ಹೊಸ ಪೆಡಲನ್ನೇ ಕೂರಿಸಬೇಕೆಂದು ಅಲ್ಲಿ ಹೇಳಿದ್ದರು.

“ಅಣ್ಣಾ, ಎರಡು ಕಂತು ಬಾಕಿ ನಿಂತಿದೆ. ಹೊಸ ಪೆಡಲಿಗೆ ಎಲ್ಲಿಂದ ತರಲಿ?” ಎಂದನು ಗಾಡಿಯವನು.

ಮೆಕ್ಯಾನಿಕ್ ಉತ್ತರಿಸಲಿಲ್ಲ. ಹಿಂದಿನ ವರ್ಷ ಇದೇ ಸಂಖ್ಯೆಯನ್ನು ನಂಬಿ ಅವನು ಬಡವನೊಬ್ಬನ ಗಾಡಿಗೆ ಹೊಸ ಪೆಡಲು ಹಾಕಿದ್ದನು. ಮೂರನೆಯ ದಿನ ಅದೇ ದೋಷ ಮರಳಿತ್ತು. ಆ ಮನುಷ್ಯ ಒಂದು ಮಾತೂ ಆಡದೆ ಗಾಡಿಯನ್ನು ಕೊಂಡುಹೋದವನು ಮತ್ತೆ ಬರಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ; ಆ ಮೌನ ಮಾತ್ರ ಅವನ ಮನಸ್ಸಿನಲ್ಲಿ ಉಳಿದಿತ್ತು.

ಪೆಡಲಿನೊಳಗೆ ಇರುವುದು ಒಂದು ಸೆನ್ಸರಲ್ಲ, ಎರಡು. ಎರಡಕ್ಕೂ ೫ ವೋಲ್ಟ್ ಪೂರೈಕೆಯಾಗುತ್ತದೆ. ಈ ಬಗೆಯ ಗಾಡಿಗಳಲ್ಲಿ ಪೆಡಲು ಬಿಟ್ಟಿರುವಾಗ ಮೊದಲನೆಯದು ಸುಮಾರು ೦.೭ ವೋಲ್ಟ್ ತೋರಿದರೆ ಎರಡನೆಯದು ಅದರ ಅರ್ಧ ತೋರುತ್ತದೆ. ತುಳಿದಂತೆಲ್ಲ ಎರಡೂ ಅದೇ ಪ್ರಮಾಣದಲ್ಲಿ ಏರುತ್ತವೆ. ಈ ಎರಡು ಸಾಕ್ಷಿಗಳ ಮಾತು ಹೊಂದದಿದ್ದರೆ ನಿಯಂತ್ರಣ ಘಟಕವು ಅಪಾಯವನ್ನು ಶಂಕಿಸಿ ಇಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ‘ಪಿ೨೧೩೮’ ಹೇಳುವುದು ಇಷ್ಟನ್ನೇ: ಸಾಕ್ಷಿಗಳು ಹೊಂದುತ್ತಿಲ್ಲ. ತಪ್ಪು ಯಾರದೆಂದು ಅದು ಹೇಳುವುದಿಲ್ಲ.

ಅವನು ಇಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಮಲ್ಟಿಮೀಟರ್ ಹಿಡಿದು ಕುಳಿತನು. ಮೊದಲನೆಯ ಸಂಕೇತ ಸರಿಯಾಗಿತ್ತು. ಎರಡನೆಯದು ೦.೩೫ರ ಬದಲು ೦.೮ ತೋರಿತು. ಪೂರೈಕೆಯ ೫ ವೋಲ್ಟ್ ಸರಿಯಾಗಿತ್ತು. ಕೊನೆಗೆ ಎರಡನೆಯ ಸೆನ್ಸರಿನ ಅರ್ತ್ ತಂತಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವೆ ಅಳೆದನು. ಸೊನ್ನೆಗೆ ಸಮೀಪವಿರಬೇಕಾದಲ್ಲಿ ಹತ್ತಿರಹತ್ತಿರ ಅರ್ಧ ವೋಲ್ಟ್ ಇತ್ತು!

ಆ ತಂತಿಯ ಜಾಡು ಹಿಡಿದು ಹೋದಾಗ, ಕಾಲಡಿಯ ರಬ್ಬರು ಹಾಸಿನ ಕೆಳಗೆ ಹಳೆಯ ಗಂಟೊಂದು ಸಿಕ್ಕಿತು. ಹಿಂದೆ ಯಾರೋ ಹಾಡಿನ ಪೆಟ್ಟಿಗೆ ಕೂರಿಸುವಾಗ ಆ ತಂತಿಯನ್ನು ಕತ್ತರಿಸಿ ಸೇರಿಸಿದ್ದರು. ಗಾಡಿ ತೊಳೆದ ನೀರು ಇಳಿದಿಳಿದು ಗಂಟು ಹಸಿರು ಕಿಲುಬು ಹಿಡಿದಿತ್ತು. ಕಿಲುಬಿದ್ದ ಭಾಗವನ್ನು ತೆಗೆದು ಹೊಸ ತಂತಿ ಬೆಸೆದು, ನೀರು ತಾಗದಂತೆ ಸುತ್ತಿ, ದೋಷಸಂಖ್ಯೆಯನ್ನು ಅಳಿಸಿದನು. ಪೆಡಲನ್ನು ಮೆಲ್ಲಗೆ ತುಳಿಯುತ್ತ ಹೋದಂತೆ ಎರಡು ಅಂಕಿಗಳೂ ಹೊಂದಿಕೊಂಡು ಏರಿದವು.

“ಪೆಡಲು ಚೆನ್ನಾಗಿದೆಯಪ್ಪ. ಕೈಗೂಲಿ ಕೊಟ್ಟರೆ ಸಾಕು” ಎಂದನು. ಆಮೇಲೆ ಕೊಂಚ ತಡೆದು, ಹಿಂದಿನ ವರ್ಷ ಬಂದವನ ಊರಿನ ಹೆಸರು ಹೇಳಿ, “ಆ ಕಡೆ ಹೋದರೆ ಅವನಿಗೊಂದು ಮಾತು ತಿಳಿಸು. ಗಾಡಿ ತರಲಿ. ಪೆಡಲಿನ ದುಡ್ಡು ನನ್ನ ಹತ್ತಿರ ಇದೆ” ಎಂದನು.

ಗಾಡಿ ಹೊರಟುಹೋಯಿತು. ಮೆಕ್ಯಾನಿಕ್ ಲೆಕ್ಕದ ಪುಸ್ತಕ ತೆರೆದು, ತಾನು ಕೊಡಬೇಕಾದ ಬಾಕಿಯ ಪುಟದಲ್ಲಿ ಆ ಮೊತ್ತವನ್ನು ಬರೆದುಕೊಂಡನು.