ಆಕ್ಟನ್ ಯಾರು? ಹುಕ್ಕೇರಿ ವಾದ, ಮೂಡಲಗಿ ವಾದ

ಮ್ಯಾಂಡ್ರೇಕ್ ಗೊತ್ತಲ್ಲ? ತಲೆ ಮೇಲೆ ಉದ್ದ ಟೋಪಿ, ಸಣ್ಣ ಮೀಸೆ, ಕಣ್ಕಟ್ಟು ಮಾಡಿ ಕಳ್ಳರನ್ನ ಹಿಡಿಯೋ ಜಾದೂಗಾರ. ಲೀ ಫಾಕ್ 1934ರಲ್ಲಿ ಶುರು ಮಾಡಿದ್ದು. ಸೂಪರ್‌ಮ್ಯಾನ್ ಬರೋದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಹಾಗಾಗಿ ಕಾಮಿಕ್ಸ್ ಇತಿಹಾಸ ಬರೆಯೋ ಕೆಲವರು ಮೊದಲ ಸೂಪರ್‌ಹೀರೋ ಇವನೇ ಅಂತಾರೆ. ನಮ್ಮ ಕಡೆ ಇವನೂ ಫ್ಯಾಂಟಮ್ಮೂ ಬಂದಿದ್ದು ಇಂದ್ರಜಾಲ ಕಾಮಿಕ್ಸ್‌ನಿಂದ. ಅದು 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ನಾನು ಹುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆದರೆ ಹುಕ್ಕೇರಿಯ ನಮ್ಮ ಸೋದರಮಾವನ ಟ್ರಂಕಿನಲ್ಲಿ ಮುಗಿದಿರಲಿಲ್ಲ.

ಆ ಟ್ರಂಕಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆಲವು ಸಂಚಿಕೆ ಕನ್ನಡ, ಕೆಲವು ಇಂಗ್ಲಿಷ್, ಕೆಲವು ಮರಾಠಿ. ಗಡಿ ಊರುಗಳಲ್ಲಿ ಹಾಗೇ, ಕೈಗೆ ಸಿಕ್ಕಿದ್ದನ್ನ ಓದಿದವರು ಇವರು. ಗೋಕಾಕದ ರದ್ದಿ ಅಂಗಡಿಯಲ್ಲಿ ತೂಕಕ್ಕೆ ತಂದದ್ದು, ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಬೆಲೆಗೆ ಕೊಂಡದ್ದು, ಮೂಡಲಗಿಯ ಒಬ್ಬ ಮಾಸ್ತರ ಜೊತೆ ಅದಲು ಬದಲು ಮಾಡಿಕೊಂಡದ್ದು. ಒಂದು ಕಥೆಯ ಮೊದಲ ಭಾಗ ಮರಾಠಿಯಲ್ಲಿ ಇದ್ದರೆ ಎರಡನೇ ಭಾಗ ಮೂಡಲಗಿಯಲ್ಲಿ ಇರುತ್ತಿತ್ತು! ಸಾಲದ್ದಕ್ಕೆ ಇಂದ್ರಜಾಲದವರೂ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಅನುಕ್ರಮದಲ್ಲಿ ಕಥೆ ಹಾಕುತ್ತಿರಲಿಲ್ಲ. ಹೆಸರುಗಳನ್ನೂ ತಿದ್ದುತ್ತಿದ್ದರು. ಫ್ಯಾಂಟಮ್‌ನ ಕಾಡು ಇರೋ ಬೆಂಗಾಲಿ ‘ಡೆಂಕಾಲಿ’ ಆಯಿತು. ರಾಮ ಅನ್ನೋ ಕಡಲುಗಳ್ಳ ‘ರಾಮಲು’ ಆದ. ಓದುಗರಿಗೆ ಬೇಜಾರಾಗಬಾರದು ಅಂತ ಇರಬೇಕು. ಅಂತೂ ಖಳನಾಯಕನ ನಿಜವಾದ ಗುರುತು ಮುಚ್ಚಿಡೋ ಕೆಲಸ ಪ್ರಕಾಶಕರಿಂದಲೇ ಶುರು.

ಈಗ ಫ್ಯಾನ್ ಥಿಯರಿ ಅಂದರೆ ನೆಟ್ಟಿನವರ ಕಸುಬು ಅಂದುಕೊಂಡಿದ್ದೀವಿ. ನನಗೆ ಹಾಗನ್ನಿಸಲ್ಲ. ಮುಂದಿನ ಸಂಚಿಕೆ ಸಿಗದವರ ಕಸುಬು ಅದು. ಸಂಚಿಕೆ ಸಿಕ್ಕಿದ್ದರೆ ಮಾವ ಓದಿ ಮಲಗುತ್ತಿದ್ದ. ಸಿಗಲಿಲ್ಲ, ಅದಕ್ಕೇ ನಲವತ್ತು ವರ್ಷದಿಂದ ಯೋಚನೆ ಮಾಡ್ತಾ ಇದ್ದಾನೆ.

ಯೋಚನೆ ಯಾರ ಬಗ್ಗೆ? ಆಕ್ಟನ್ ಬಗ್ಗೆ. ಮ್ಯಾಂಡ್ರೇಕ್ ಕಥೆಗಳಲ್ಲಿ ‘8’ ಅಂತ ಒಂದು ಗುಪ್ತ ಗ್ಯಾಂಗ್ ಇದೆ. ಮಧ್ಯಯುಗದಿಂದ ಇರೋದು. ಆಕ್ಟೋಪಸ್ ಥರ ಎಂಟು ತೋಳು, ಅಂದರೆ ಜಗತ್ತಿನಲ್ಲಿ ಎಂಟು ಕಡೆ ಅಡ್ಡೆ. ತಲೆ ಒಂದೇ, ಆಕ್ಟನ್. ಅವನು ಎದುರಿಗೆ ಬರೋದೇ ಇಲ್ಲ. ಪರದೆ ಮೇಲೆ ಒಂದು ಭಯಾನಕ ಆಕೃತಿ, ಅಷ್ಟೇ. ಮ್ಯಾಂಡ್ರೇಕ್ ಒಂದೊಂದಾಗಿ ಅಡ್ಡೆ ಹಾಳು ಮಾಡ್ತಾ ಹೋಗ್ತಾನೆ, ತಲೆ ಮಾತ್ರ ಸಿಗಲ್ಲ.

ಮೂಡಲಗಿ ಮಾಸ್ತರ ವಾದ: ಆಕ್ಟನ್ ಅಂದರೆ ಕೋಬ್ರಾ. ಇದಕ್ಕೆ ಬಲವಾದ ಆಧಾರ ಇದೆ. ಕೋಬ್ರಾ ಮ್ಯಾಂಡ್ರೇಕ್‌ನ ಮೊಟ್ಟಮೊದಲ ಕಥೆಯ ಖಳ. 1937ರಲ್ಲಿ ಅವನ ಕಥೆ ಮುಗಿಯಿತು ಅಂತ ಎಲ್ಲರೂ ತಿಳಿದಿದ್ದರು. 1965ರಲ್ಲಿ ಬೆಳ್ಳಿ ಮುಖವಾಡ ಹಾಕಿಕೊಂಡು ವಾಪಸ್ ಬಂದ. ಆಮೇಲೆ ಗೊತ್ತಾಗಿದ್ದು ಅವನ ಹೆಸರು ಲೂಸಿಫರ್, ಮ್ಯಾಂಡ್ರೇಕ್‌ನ ತಂದೆ ಥೆರಾನ್‌ನ ಹಿರೀ ಮಗ. ಅಂದರೆ ಮಲ ಅಣ್ಣ! ಇಷ್ಟು ವರ್ಷ ಬಚ್ಚಿಟ್ಟುಕೊಂಡವನು ಪರದೆ ಹಿಂದೆ ಇನ್ನೊಂದು ಹೆಸರಲ್ಲಿ ಇರಲಾರನೇ ಅನ್ನೋದು ಮಾಸ್ತರ ಪ್ರಶ್ನೆ.

ಮಾವನ ವಾದ ಇನ್ನೂ ಘೋರ. ‘8’ ನೂರಾರು ವರ್ಷ ಹಳೇದು. ಅಷ್ಟು ವರ್ಷ ಬದುಕಿರೋನು ಕಥೆಯಲ್ಲಿ ಒಬ್ಬನೇ. ಹಿಮಾಲಯದ ಜಾದೂ ಕಾಲೇಜಿನ ಮುಖ್ಯಸ್ಥ, ಮ್ಯಾಂಡ್ರೇಕ್‌ನ ಅಪ್ಪ, ಅದೇ ಥೆರಾನ್!

ಇದನ್ನ ಕೇಳಿ ಮಾಸ್ತರಿಗೆ ಸಿಟ್ಟು ಬಂತಂತೆ. ‘ಅಂವಾ ಅಪ್ಪನೂ ಹೌದು, ಗುರುನೂ ಹೌದು. ಗುರುಗಳ ಮ್ಯಾಲ ಇಂಥಾ ಮಾತ ಆಡಬ್ಯಾಡ ಮಾರಾಯಾ’ ಅಂದು ಎದ್ದು ಹೋದರಂತೆ. ಆರು ತಿಂಗಳು ಮಾತು ಬಿಟ್ಟರು. ಅದಲು ಬದಲು ಬಂದ್. ಮಾವ ಇದನ್ನ ಹೇಳುವಾಗ ಈಗಲೂ ನಗಲ್ಲ. ‘ನಾ ಹೇಳಿದ್ದು ತಪ್ಪೇನೋ ಅಳಿಯಾ? ಪುರಾವೆ ಐತಿ’ ಅಂತಾನೆ.

ನಾನು ದಿನಾ ಬಗ್ ಹುಡುಕೋನು. ಪುರಾವೆ ಒಂದನ್ನೇ ನೋಡಿದರೆ ಮಾವ ಮುಂದೆ ಇದ್ದಾನೆ, ಒಪ್ತೀನಿ. ಆದರೆ ಕಥೆಗೆ ಪುರಾವೆ ಅಷ್ಟೇ ಸಾಲದು. ಸ್ಪೈಡರ್‌ಮ್ಯಾನ್‌ನ ಗ್ರೀನ್ ಗಾಬ್ಲಿನ್ 1964ರಲ್ಲಿ ಬಂದ, ಮುಖವಾಡ ಕಳಚಿದ್ದು 1966ರಲ್ಲಿ. ನೋಡಿದರೆ ಗೆಳೆಯ ಹ್ಯಾರಿಯ ಅಪ್ಪ. ಎದೆ ಧಸಕ್ ಅನ್ನುತ್ತೆ, ಯಾಕಂದರೆ ಮನೆಯವನೇ. 1983ರಲ್ಲಿ ಹಾಬ್‌ಗಾಬ್ಲಿನ್ ಅಂತ ಇನ್ನೊಬ್ಬ ಬಂದ. ಅವನನ್ನ ಹುಟ್ಟಿಸಿದ ರೋಜರ್ ಸ್ಟರ್ನ್ ಉತ್ತರ ಹೇಳದೇ ಆ ಪತ್ರಿಕೆ ಬಿಟ್ಟು ಹೋದರು. 1987ರಲ್ಲಿ ಬೇರೆಯವರು ಅವನು ನೆಡ್ ಲೀಡ್ಸ್ ಅಂದರು, ಅದೂ ಲೀಡ್ಸ್ ಸತ್ತ ಮೇಲೆ. ಅಷ್ಟು ಬಲಶಾಲಿ ಖಳ ಬಾಡಿಗೆ ಕೊಲೆಗಾರರ ಕೈಲಿ ಸುಲಭವಾಗಿ ಹೇಗೆ ಸತ್ತ ಅಂತ ಓದುಗರು ಬಿಡಲಿಲ್ಲ. ಕೊನೆಗೆ 1997ರಲ್ಲಿ ಸ್ಟರ್ನ್ ಅವರೇ ವಾಪಸ್ ಬಂದು ರಾಡ್ರಿಕ್ ಕಿಂಗ್ಸ್‌ಲಿ ಅಂತ ಹೇಳಬೇಕಾಯಿತು. ಹದಿನಾಲ್ಕು ವರ್ಷ! ಮಾವನ ಮುಂದೆ ಅದೇನೂ ಅಲ್ಲ ಬಿಡಿ.

ಇನ್ನೊಂದು ಮಾತು. ನಮ್ಮ ಸೀಮೆ ಮುಖವಾಡದ ಆಟಕ್ಕೆ ಹೊಸದಲ್ಲ. ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದಲ್ಲಿ ಕೃಷ್ಣ ಕೊರವಂಜಿ ವೇಷದಲ್ಲಿ ಸತ್ಯಭಾಮೆ ಹತ್ರ ಬರ್ತಾನೆ. ಅವನು ಯಾರು ಅಂತ ಕಟ್ಟೆ ಮೇಲೆ ಕೂತ ಮಗುವಿಗೂ ಗೊತ್ತು, ಭಾಮೆಗೊಬ್ಬಳಿಗೇ ಗೊತ್ತಿಲ್ಲ. ಮಜಾ ಇರೋದೇ ಅಲ್ಲಿ. ಮಾಸ್ತರಿಗೆ ಪಾರಿಜಾತದ ಹುಚ್ಚು. ಆಕ್ಟನ್ ಯಾರು ಅನ್ನೋದು ನಮಗೆ ಮೊದಲೇ ಗೊತ್ತಿದ್ದು, ಮ್ಯಾಂಡ್ರೇಕ್‌ಗೆ ಗೊತ್ತಿಲ್ಲದಿದ್ದರೆ ಕಥೆ ಎಷ್ಟು ಚೆಂದ ಇರ್ತಿತ್ತು ಅನ್ನೋದು ಅವರ ದೂರು. ಲೀ ಫಾಕ್ ಕೂಡ ಆ ಆಟ ಬಲ್ಲವರೇ. ಮ್ಯಾಂಡ್ರೇಕ್ ಮನೆ ಅಡುಗೆಯವ ಹೋಜೋ ಇಂಟರ್ ಇಂಟೆಲ್ ಅನ್ನೋ ಗೂಢಚಾರ ಸಂಸ್ಥೆಯ ಗುಪ್ತ ಮುಖ್ಯಸ್ಥ! ಅಡುಗೆಮನೆಯಲ್ಲಿ ಅಂಥವನನ್ನ ಇಟ್ಟವರು ಪರದೆ ಹಿಂದೆ ಯಾರನ್ನ ಬೇಕಾದರೂ ಇಡಬಹುದು.

ನನ್ನದೂ ಒಂದು ಥಿಯರಿ ಇದೆ. ಆಕ್ಟನ್ ಮನುಷ್ಯ ಅಲ್ಲ, ಹುದ್ದೆ. ಫ್ಯಾಂಟಮ್‌ಗೆ ಸಾವಿಲ್ಲ ಅಂತ ಕಾಡಿನ ಜನ ನಂಬೋದು ಯಾಕೆ? ಇಪ್ಪತ್ತೊಂದು ತಲೆಮಾರು ಅಪ್ಪನ ಮುಖವಾಡವನ್ನ ಮಗ ಹಾಕಿಕೊಂಡಿದ್ದಕ್ಕೆ. ಅದೇ ಉಪಾಯವನ್ನ ಅದೇ ಲೇಖಕ ಕಳ್ಳರಿಗೆ ಯಾಕೆ ಕೊಟ್ಟಿರಬಾರದು? ಹಾಗಾದರೆ ಮಧ್ಯಯುಗದ ಲೆಕ್ಕವೂ ಸರಿಹೋಗುತ್ತೆ, ಥೆರಾನ್‌ನ ಮರ್ಯಾದೆಯೂ ಉಳಿಯುತ್ತೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇಬ್ಬರನ್ನೂ ಗೋಕಾಕದಲ್ಲಿ ಕೂರಿಸಿ ಇದನ್ನ ಹೇಳಿದೆ. ಮಾಸ್ತರು ಕರದಂಟು ಅಗಿಯುತ್ತಾ ತಲೆ ಆಡಿಸಿದರು. ಮಾವ ಒಪ್ಪಲಿಲ್ಲ. ಆಗ ಇನ್ನೊಂದು ಸುದ್ದಿ ಹೇಳಿದೆ. ಒಂದು ಕಥೆಯಲ್ಲಿ ಆಕ್ಟನ್‌ನ ಮುಖ ತೋರಿಸಿದ್ದಾರೆ, ಅವನು ಸೈಫರ್ ಅನ್ನೋನು, ಆದರೆ ಹಳೇ ಕಥೆಗಳ ಆಕ್ಟನ್ ಇವನೇನಾ ಅನ್ನೋ ಪ್ರಶ್ನೆ ಹಾಗೇ ಉಳಿದಿದೆ ಅಂತ.

ಇಬ್ಬರೂ ಸುಮ್ಮನಾದರು. ನಲವತ್ತು ವರ್ಷದ ಜಗಳ ಅದು! ಕೆಟ್ಟ ಸುದ್ದಿ ತಂದವನ ಹಾಗೆ ನಾನು ಟೀ ಲೋಟ ನೋಡ್ತಾ ಕೂತೆ.

‘ಸೈಫರ್ ಅಂದ್ರ ಏನ್ರಿ ಮಾಸ್ತರ?’ ಮಾವ ಕೇಳಿದ.

‘ಸೊನ್ನಿ.’

‘ಸೊನ್ನಿ ಯಾರರೆ ಮಾರಿ ಆಗತೈತೇನ್ರಿ? ಅದೂ ಮುಖವಾಡನ. ಅದರ ಹಿಂದ ಥೆರಾನ್ ಅದಾನ.’

‘ಮತ್ತ ಗುರುಗಳ ಸುದ್ದಿಗೆ ಹೋದ್ಯಾ ನೀ?’ ಅಂದರು ಮಾಸ್ತರು. ಅಷ್ಟು ಹೊತ್ತಿಗೆ ಮೂಡಲಗಿ ಬಸ್ ಬಂತು. ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಸೈಫರ್ ಕಥೆ ಸಿಕ್ಕರೆ ಮೊದಲು ತಮಗೇ ಕಳಿಸಬೇಕು ಅಂತ ನನಗೆ ಕೂಗಿ ಹೇಳಿದರು. ಹುಡುಕ್ತಾ ಇದ್ದೀನಿ. ನಿಮ್ಮ ಮನೆ ಅಟ್ಟದ ಮೇಲೆ ಇದ್ದರೆ ತಿಳಿಸಿ. ಯಾವ ಭಾಷೆಯದ್ದಾದರೂ ಆಗುತ್ತೆ.