ಕೋಳಿ ಬಿಟ್ಟಿಯಾಗಿ ಮಾಡೋ ಕೆಲಸ

ಆಫೀಸಿನಲ್ಲಿ ಊಟಕ್ಕೆ ಕೂತಾಗ ಆಗಾಗ ಈ ಮಾತು ಬರುತ್ತೆ: ಇನ್ನು ಹತ್ತೇ ವರ್ಷ, ಕೋಳಿ ಸಾಕೋದೇ ನಿಂತುಹೋಗುತ್ತೆ, ಮಾಂಸ ಟ್ಯಾಂಕಿನಲ್ಲೇ ಬೆಳೆಯುತ್ತೆ. ಹೇಳೋರಿಗೆ ಅದು ಟೆಕ್ ಸುದ್ದಿ. ನನಗೆ ಅದು ರಾಜಘಟ್ಟದಲ್ಲಿರೋ ಚಿಕ್ಕಪ್ಪನ ಶೆಡ್ಡು. ಐದು ಸಾವಿರ ಬ್ರಾಯ್ಲರ್ ಹಿಡಿಸೋ ಶೆಡ್ಡು ಅದು. ಈಗ ಪಕ್ಕದಲ್ಲೇ ಇನ್ನೊಂದು ಕಟ್ಟೋಕೆ ಸಾಲ ತೆಗೀತೀನಿ ಅಂತಿದ್ದಾರೆ. ಹಾಗಾಗಿ ನಾನೂ ಲೆಕ್ಕ ಹಾಕಿದೆ.

2013ರ ಆಗಸ್ಟ್‌ನಲ್ಲಿ ಮಾರ್ಕ್ ಪೋಸ್ಟ್ ಅನ್ನೋ ಡಚ್ ವಿಜ್ಞಾನಿ ದನದ ಜೀವಕೋಶಗಳಿಂದ ಬೆಳೆಸಿದ ಬರ್ಗರನ್ನು ಲಂಡನ್ನಿನಲ್ಲಿ ತಿನ್ನಿಸಿ ತೋರಿಸಿದರು. ಆ ಒಂದು ಬರ್ಗರಿಗೆ ಆದ ಖರ್ಚು ಸುಮಾರು 2.5 ಲಕ್ಷ ಯೂರೋ. ದುಡ್ಡು ಹಾಕಿದ್ದು ಗೂಗಲ್‌ನ ಸೆರ್ಗೆ ಬ್ರಿನ್. 2020ರಲ್ಲಿ ಸಿಂಗಪುರ, 2023ರಲ್ಲಿ ಅಮೆರಿಕ ಇಂಥ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ಕೊಟ್ಟವು. ಖರ್ಚೂ ಇಳಿದಿದೆ, ನಿಜ. ಆದ್ರೆ ಡೇವಿಡ್ ಹಂಬರ್ಡ್ ಅನ್ನೋ ಕೆಮಿಕಲ್ ಇಂಜಿನಿಯರ್ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ದೊಡ್ಡ ಕಾರ್ಖಾನೆ ಕಟ್ಟಿದರೂ ಕೆಜಿಗೆ 37 ಡಾಲರ್ ಬೀಳುತ್ತೆ. ಅಂದ್ರೆ ಮೂರು ಸಾವಿರ ರೂಪಾಯಿ ಆಸುಪಾಸು. ಅಂಗಡಿ ರೇಟಲ್ಲ, ಬರೀ ತಯಾರಿಕೆಯ ಖರ್ಚು.

ಯಾಕಿಷ್ಟು ಅಂದ್ರೆ, ಕೋಳಿ ಬಿಟ್ಟಿಯಾಗಿ ಮಾಡೋ ಕೆಲಸಕ್ಕೆಲ್ಲ ಅಲ್ಲಿ ಬಿಲ್ ಬರುತ್ತೆ. ಕೋಳಿ ಮೆಕ್ಕೆಜೋಳ, ಸೋಯಾ ತಿಂದು ತಾನೇ ಅರಗಿಸಿಕೊಳ್ಳುತ್ತೆ. ಟ್ಯಾಂಕಿನ ಕೋಶಕ್ಕೆ ಶುದ್ಧ ಮಾಡಿದ ಅಮೈನೋ ಆಮ್ಲ, ಗ್ಲೂಕೋಸು, ಮೇಲೆ ದುಬಾರಿ ಬೆಳವಣಿಗೆ ಪ್ರೋಟೀನುಗಳು ಬೇಕು. ಕೋಳಿಗೆ ಕಿಡ್ನಿ ಇದೆ. ಟ್ಯಾಂಕಿನಲ್ಲಿ ಅಮೋನಿಯಾ ತುಂಬಿಕೊಂಡ್ರೆ ಬೆಳವಣಿಗೆ ನಿಲ್ಲುತ್ತೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಸೋಂಕು. ಮಾಂಸದ ಕೋಶ ಎರಡಾಗೋಕೆ ಹೆಚ್ಚುಕಮ್ಮಿ ಒಂದು ದಿನ ಬೇಕು, ಕೆಲವು ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತೇ ನಿಮಿಷ ಸಾಕು. ಒಂದು ಒಳಗೆ ನುಗ್ಗಿದ್ರೂ ಇಡೀ ಟ್ಯಾಂಕು ಮೋರಿಗೆ. ಸಾಫ್ಟ್‌ವೇರಿನ ಹಾಗೆ ರೋಲ್‌ಬ್ಯಾಕ್ ಇಲ್ಲ.

ಬೆಂಗಳೂರಿಗೆ ಇಂಥ ಟ್ಯಾಂಕು ಹೊಸದೇನಲ್ಲ. ಬಯೋಕಾನ್‌ನವರು ಕ್ಯಾನ್ಸರಿನ ಟ್ರಾಸ್ಟುಝುಮಾಬ್ ಔಷಧ ತಯಾರಿಸೋದು ಪ್ರಾಣಿಕೋಶಗಳನ್ನು ಬೆಳೆಸಿಯೇ. ಆದ್ರೆ ಅದರ ಒಂದು ಬಾಟಲಿಯಲ್ಲಿ ಅರ್ಧ ಗ್ರಾಂ ಕೂಡ ಇರಲ್ಲ, ಬೆಲೆ ಸಾವಿರಗಳಲ್ಲಿ. ಔಷಧಕ್ಕೆ ಆ ಖರ್ಚು ತಡೆಯುತ್ತೆ. ಸಾರಿಗೆ ತಡೆಯುತ್ತಾ?

ಇನ್ನು ಚಿಕ್ಕಪ್ಪನ ಲೆಕ್ಕ. ಸುಮಾರು ನಲವತ್ತು ದಿನ. ಒಂದು ಕೆಜಿ ತೂಕಕ್ಕೆ 1.6, 1.7 ಕೆಜಿ ಫೀಡು. ಚಿಕ್ಕಪ್ಪ ಓದಿದ್ದು ಏಳನೇ ಕ್ಲಾಸು, ಆದ್ರೆ ಎಫ್‌ಸಿಆರ್ ಅನ್ನು ದಶಾಂಶದಲ್ಲೇ ಹೇಳ್ತಾರೆ. ಮರಿ, ಫೀಡು, ಔಷಧಿ ಕಂಪನಿದು. ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸೋ ಹೊಟ್ಟು, ರಾತ್ರಿ ನಿದ್ದೆಗೆಡೋದು ನಮ್ಮದು. ಕೈಗೆ ಬರೋ ಸಾಕಾಣಿಕೆ ಚಾರ್ಜು ಕೆಜಿಗೆ ಹತ್ತು ರೂಪಾಯಿ ಮುಟ್ಟಿದ್ರೆ ಆ ಬ್ಯಾಚು ಚೆನ್ನಾಗಾಯ್ತು ಅಂತ. ಚಿಕ್ಕಮ್ಮನ ಕೂಲಿ ಯಾವ ಲೆಕ್ಕದಲ್ಲೂ ಇಲ್ಲ. ಟ್ಯಾಂಕು ಗೆಲ್ಲಬೇಕಾದ್ದು ಕೋಳಿ ಒಂದನ್ನೇ ಅಲ್ಲ, ಈ ಬಿಟ್ಟಿ ಕೂಲಿಯನ್ನೂ. (ನಾಟಿ ಕೋಳಿ ವಿಷಯ ಬಿಡಿ. ಅದಕ್ಕೆ ಜನ ಬ್ರಾಯ್ಲರಿಗಿಂತ ಎಷ್ಟೋ ಜಾಸ್ತಿ ಕೊಟ್ಟು, ಮೇಲೆ ಹೊಗಳ್ತಾರೆ.)

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಟ್ಯಾಂಕಿಗೆ ಹೆದರಬೇಡಿ, ಆದ್ರೆ ಸಾಲದ ಕಂತು ಏಳು ವರ್ಷ, ಕಂಪನಿ ಅಗ್ರಿಮೆಂಟು ಒಂದೇ ವರ್ಷದ್ದು, ಮೊದಲು ಅದನ್ನು ನೋಡಿ ಅಂದೆ.

"ಅದು ನಂಗೂ ಗೊತ್ತು ಕಣ್ಲಾ" ಅಂದ್ರು. "ಅಗ್ರಿಮೆಂಟು ಇಂಗ್ಲಿಷ್ನಾಗೈತೆ. ಬಂದಾಗ ಒಂದ್ಸಲ ಓದಿ ಹೇಳು."